ನಂಜಪ್ಪಣ್ಣನ ಏಸ್ ಗಾಡಿ ಮತ್ತು ದಿನಕ್ಕೆ 195 ರೂಪಾಯಿ ಟೋಲ್: ಒಂದು ಪ್ರಕರಣ

ಇಲ್ಲಿ ಬರುವವರ ಹೆಸರು ಬದಲಿಸಿದ್ದೇನೆ. ಊರು, ಜಿಲ್ಲೆ, ಟೋಲ್ ಗೇಟು, ಬ್ಯಾಂಕು ಯಾವುದೆಂದು ಹೇಳುವುದಿಲ್ಲ. ಟೋಲ್ ದರಗಳನ್ನೂ ಗುರುತು ಸಿಗದ ಹಾಗೆ ಸ್ವಲ್ಪ ಹೊಂದಿಸಿದ್ದೇನೆ. ಆದರೆ ಒಂದು ದರಕ್ಕೂ ಇನ್ನೊಂದು ದರಕ್ಕೂ ಇರುವ ಲೆಕ್ಕ ನಿಯಮದಲ್ಲಿ ಇರುವಂತೆಯೇ ಇದೆ. ಹೆದ್ದಾರಿ ಪಕ್ಕದ ಊರುಗಳಲ್ಲಿ ಚಿಕ್ಕ ಸರಕು ಗಾಡಿ ಇಟ್ಟುಕೊಂಡವರಿಗೆ ಇದರಿಂದ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ.

ನಾನು ಊರಿನಲ್ಲಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತೇನೆ. ಪಹಣಿ ತೆಗೆದುಕೊಡುವುದು, ಪಿಂಚಣಿ ಅರ್ಜಿ, ಬೆಳೆ ವಿಮೆ, ಹೀಗೆ. 2025ರ ಜೂನ್‌ನಲ್ಲಿ ಒಂದು ಮಧ್ಯಾಹ್ನ ನಂಜಪ್ಪಣ್ಣ ಫೋನ್ ಹಿಡಿದುಕೊಂಡು ಬಂದರು. ಅವರಿಗೆ ಎರಡು ಎಕರೆ ಜಮೀನಿದೆ. ಟೊಮೆಟೊ, ಬೀನ್ಸು, ಕೋಸು ಬೆಳೆಯುತ್ತಾರೆ. 2021ರಲ್ಲಿ ಸಾಲ ಮಾಡಿ ಒಂದು ಟಾಟಾ ಏಸ್ ಕೊಂಡರು. ಹಳದಿ ಬೋರ್ಡಿನ ಗಾಡಿ. ತಮ್ಮ ಮಾಲಿನ ಜೊತೆ ಅಕ್ಕಪಕ್ಕದವರ ಕ್ರೇಟುಗಳನ್ನೂ ಹಾಕಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್ಟಿಗೆ ಹೊರಡುತ್ತಾರೆ. ಮಾರ್ಕೆಟ್ ನಮ್ಮೂರಿಂದ 22 ಕಿ.ಮೀ. ಟೋಲ್ ಗೇಟು ಆರು ಕಿ.ಮೀ. ದೂರದಲ್ಲೇ ಸಿಗುತ್ತದೆ.

"ನೋಡಮ್ಮ, ಈ ಟ್ಯಾಗಿಗೆ ತಿಂಗಳಿಗೆ ಎಷ್ಟು ಸಾರಿ ಅಂತ ದುಡ್ಡು ತುಂಬೋದು? ಟೊಮೆಟೊ ರೇಟು ಬಿದ್ದಾಗಲೂ ಇದು ಬೀಳಲ್ಲ" ಎಂದರು.

ನಾನು ಮೇ ತಿಂಗಳ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದೆ. 26 ದಿನ ಓಡಾಡಿದ್ದಾರೆ. ಹೋಗುವಾಗ 130, ವಾಪಸ್ ಬರುವಾಗ 65. ದಿನಕ್ಕೆ 195. ತಿಂಗಳಿಗೆ 5,070 ರೂಪಾಯಿ. ಆ ತಿಂಗಳು ಅವರು ಬೇರೆಯವರ ಕ್ರೇಟುಗಳಿಂದ ದುಡಿದ ಬಾಡಿಗೆಯಲ್ಲಿ ದೊಡ್ಡ ಪಾಲು ಅಲ್ಲೇ ಹೋಗಿತ್ತು.

ವಾಪಸ್ ಬರುವಾಗ ಅರ್ಧ ಕಡಿತ ಆಗಿದ್ದು ಸರಿಯಾಗೇ ಇತ್ತು. 24 ಗಂಟೆಯೊಳಗೆ ಹಿಂದಿರುಗಿದರೆ ಎರಡೂ ಸಲ ಸೇರಿ ಒಂದೂವರೆ ಪಟ್ಟು ಮಾತ್ರ ತೆಗೆದುಕೊಳ್ಳಬೇಕು ಎಂದು ನಿಯಮವಿದೆ. ನನಗೆ ಅನುಮಾನ ಬಂದದ್ದು ಮೊದಲನೇ 130ರ ಮೇಲೆ. ನಮ್ಮ ಮೇಷ್ಟ್ರ ಮಗ ಅದೇ ಗೇಟಿನಲ್ಲಿ ಕಾರಿಗೆ 80 ಕೊಡುತ್ತಿದ್ದ. ಏಸ್ ಗಾಡಿ ಕಾರಿಗಿಂತ ಅಷ್ಟೊಂದು ದೊಡ್ಡದಾ?

ಟ್ಯಾಗಿನ ಬಣ್ಣ

ರಾಷ್ಟ್ರೀಯ ಹೆದ್ದಾರಿಯ ಟೋಲ್ ದರ 2008ರ ಶುಲ್ಕ ನಿಯಮಗಳ ಪ್ರಕಾರ ನಿಗದಿ ಆಗುತ್ತದೆ. ಅದಕ್ಕೆ ಬುನಾದಿ 2007-08ರ ದರ. ಕಾರು, ಜೀಪು, ವ್ಯಾನು ಮತ್ತು ಲಘು ವಾಹನಕ್ಕೆ ಕಿಲೋಮೀಟರಿಗೆ 65 ಪೈಸೆ. ಲಘು ವಾಣಿಜ್ಯ ವಾಹನ ಮತ್ತು ಮಿನಿ ಬಸ್ಸಿಗೆ 1 ರೂಪಾಯಿ 5 ಪೈಸೆ. ಬಸ್ಸು, ಲಾರಿಗೆ 2.20. ಮೂರು ಆಕ್ಸಲ್ (ಚಕ್ರದ ಅಚ್ಚು) ಇರುವ ವಾಣಿಜ್ಯ ವಾಹನಕ್ಕೆ 2.40. ನಾಲ್ಕರಿಂದ ಆರು ಆಕ್ಸಲ್ ಇರುವುದಕ್ಕೆ 3.45. ಏಳು ಮತ್ತು ಅದಕ್ಕಿಂತ ಹೆಚ್ಚಿಗೆ 4.20. ಪ್ರತಿ ವರ್ಷ ಇದು ಶೇ. 3ರಷ್ಟು ಏರುತ್ತದೆ. ಅದರ ಮೇಲೆ ಸಗಟು ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಅದರ ಶೇ. 40ರಷ್ಟು ಸೇರುತ್ತದೆ. ಏಪ್ರಿಲ್ 1ಕ್ಕೆ ದರ ಏರಿತು ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಇದೇ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಕಾರಿಗೂ ಲಘು ವಾಣಿಜ್ಯ ವಾಹನಕ್ಕೂ ನಡುವಿನ ಅನುಪಾತ ಹಾಗೇ ಉಳಿಯುತ್ತದೆ. 80ಕ್ಕೆ 130 ಅದೇ ಲೆಕ್ಕ.

ಈಗ ಮುಖ್ಯ ಪ್ರಶ್ನೆ, ಏಸ್ ಯಾವ ಗುಂಪಿಗೆ ಸೇರುತ್ತದೆ? ಅದೇ ನಿಯಮದಲ್ಲಿ ತೂಕದ ಮಿತಿ ಬರೆದಿದೆ. ಲೋಡು ಸೇರಿ ಒಟ್ಟು ತೂಕ 7,500 ಕೆ.ಜಿ. ದಾಟದಿದ್ದರೆ ಕಾರು, ಜೀಪಿನ ಗುಂಪು. 7,500ರಿಂದ 12,000 ಕೆ.ಜಿ.ವರೆಗೆ ಲಘು ವಾಣಿಜ್ಯ ವಾಹನ. ನಂಜಪ್ಪಣ್ಣನ ಆರ್‌ಸಿ ನೋಡಿದೆ. ಒಟ್ಟು ತೂಕ ಎರಡು ಟನ್ ಕೂಡ ಇಲ್ಲ. ಫಾಸ್ಟ್ಯಾಗ್ ಕೊಡುವವರ ಪಟ್ಟಿಯಲ್ಲೂ ಕಾರು, ಜೀಪು, ವ್ಯಾನಿನ ಜೊತೆಗೆ 4ನೇ ವರ್ಗದಲ್ಲೇ ಟಾಟಾ ಏಸ್ ಮತ್ತು ಅಂಥ ಮಿನಿ ಸರಕು ಗಾಡಿ ಎಂದು ಹೆಸರು ಹಿಡಿದು ಬರೆದಿದ್ದಾರೆ.

ಹೊರಗೆ ಹೋಗಿ ಗಾಡಿಯ ಗಾಜು ನೋಡಿದೆ. 4ನೇ ವರ್ಗದ ಟ್ಯಾಗಿನ ಬಣ್ಣ ನೇರಳೆ. ಇವರ ಗಾಜಿನ ಮೇಲಿದ್ದದ್ದು ಕಿತ್ತಳೆ, ಅಂದರೆ 5ನೇ ವರ್ಗ.

2021ರ ಫೆಬ್ರವರಿ ಮಧ್ಯದಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಟ್ಯಾಗ್ ಇಲ್ಲದಿದ್ದರೆ ಎರಡು ಪಟ್ಟು. ಆಗ ಹೆದ್ದಾರಿ ಪಕ್ಕ ಕೊಡೆ ಹಾಕಿಕೊಂಡು ಟ್ಯಾಗ್ ಮಾರುವವರು ಕೂತಿರುತ್ತಿದ್ದರು. ಇವರು ಹೊಸ ಗಾಡಿ ತಂದ ವಾರವೇ ಅಂಥವರೊಬ್ಬರಿಂದ ಟ್ಯಾಗ್ ಹಾಕಿಸಿದ್ದರು. ಆತ ಹಳದಿ ಬೋರ್ಡು ನೋಡಿ 'ಸರಕು ಗಾಡಿ' ಎಂದು 5ನೇ ವರ್ಗ ಒತ್ತಿದ್ದಾನೆ. ಬೇಕೆಂದು ಮಾಡಿದ್ದು ಎಂದು ನನಗೆ ಅನಿಸುವುದಿಲ್ಲ. ಆದರೆ ಆ ಒಂದು ಗುಂಡಿ ಒತ್ತಿದ್ದಕ್ಕೆ ನಾಲ್ಕು ವರ್ಷ ಒಬ್ಬ ರೈತ ದಿನಾ ಜಾಸ್ತಿ ಕೊಟ್ಟಿದ್ದಾರೆ. 2025ರ ದರದಲ್ಲಿ ಅದು ದಿನಕ್ಕೆ 75, ತಿಂಗಳಿಗೆ 1,950. ನಂಜಪ್ಪಣ್ಣ ಬೆರಳು ಮಡಚಿ ಎಣಿಸಿದರು. ಆಮೇಲೆ ಸುಮ್ಮನೆ ಕೂತರು.

ಆರ್‌ಸಿಯ ಎರಡೂ ಕಡೆ, ಗಾಡಿಯ ಮುಂದಿನ ಮತ್ತು ಪಕ್ಕದ ಫೋಟೊ, ಟ್ಯಾಗಿನ ಫೋಟೊ, ಟೋಲ್ ಗೇಟಿನ ದರಪಟ್ಟಿಯ ಫೋಟೊ ಸೇರಿಸಿ ಬ್ಯಾಂಕಿಗೆ ಮೇಲ್ ಮಾಡಿದೆವು. ಹೆದ್ದಾರಿ ಸಹಾಯವಾಣಿ 1033ಕ್ಕೂ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಂಡೆವು. ಮೂರು ವಾರ ಆಯಿತು. ಹಳೇ ಟ್ಯಾಗ್ ನಿಲ್ಲಿಸಿ ಹೊಸದು ಕೊಟ್ಟರು. ನಡುವೆ ಎರಡು ದಿನ ಯಾವ ಟ್ಯಾಗೂ ನಡೆಯಲಿಲ್ಲ, ಎರಡು ಪಟ್ಟು ನಗದು ಕೊಡಬೇಕಾಯಿತು. (2025ರ ನವೆಂಬರ್ 15ರಿಂದ ಇದು ಸ್ವಲ್ಪ ಬದಲಾಯಿತು. ಟ್ಯಾಗ್ ಕೆಲಸ ಮಾಡದಿದ್ದಾಗ ಯುಪಿಐನಲ್ಲಿ ಕೊಟ್ಟರೆ 1.25 ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದಾಯಿತು.) ಹಳೆಯ ಕಡಿತದಲ್ಲಿ ಒಂದು ತಿಂಗಳ ವ್ಯತ್ಯಾಸ, ಅಂದರೆ 1,950 ರೂಪಾಯಿ ಮಾತ್ರ ವಾಪಸ್ ಬಂತು. ಅದಕ್ಕೂ ಹಿಂದಿನದು ಬರಲಿಲ್ಲ.

ಜುಲೈ ಕೊನೆಗೆ ದಿನದ ಟೋಲ್ 195ರಿಂದ 120ಕ್ಕೆ ಇಳಿಯಿತು. ನಂಜಪ್ಪಣ್ಣನಿಗೆ ಅಷ್ಟಕ್ಕೇ ಸಮಾಧಾನ. ಒಂದು ಕೋಸಿನ ಚೀಲ ತಂದು ನಮ್ಮನೆ ಬಾಗಿಲಲ್ಲಿ ಇಟ್ಟು ಹೋದರು.

ಕೊನೆಯ ಸಾಲು

ನಾನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಬ್ಯಾಂಕಿಗೆ ಕಳಿಸಿದ ದರಪಟ್ಟಿಯ ಫೋಟೊ ಫೋನಿನಲ್ಲಿ ಉಳಿದಿತ್ತು. ಒಂದು ರಾತ್ರಿ ದೊಡ್ಡದು ಮಾಡಿ ನೋಡಿದೆ. ಒಂದು ಪ್ರಯಾಣ, ಹೋಗಿ ಬರುವುದು, ತಿಂಗಳ ಪಾಸ್. ಆಮೇಲೆ ಅರ್ಧ ಮಾಸಿದ ಕೊನೆಯ ಸಾಲು: ಟೋಲ್ ಇರುವ ಜಿಲ್ಲೆಯಲ್ಲಿ ನೋಂದಣಿಯಾದ ವಾಣಿಜ್ಯ ವಾಹನಗಳು. ಅದರ ಕೆಳಗೆ 40.

ನಾಲ್ಕು ವರ್ಷ ದಿನಾ ಎರಡು ಸಲ ಆ ಬೋರ್ಡಿನ ಕೆಳಗೆ ಹೋಗಿದ್ದಾರೆ. ಬೆಳಗಿನ ಜಾವದ ಕತ್ತಲಲ್ಲಿ, ಹಿಂದೆ ಲಾರಿ ಹಾರನ್ ಹೊಡೆಯುತ್ತಿರುವಾಗ, ಯಾರು ತಾನೇ ಬೋರ್ಡು ಓದುತ್ತಾರೆ?

2008ರ ನಿಯಮಗಳಲ್ಲಿ ಸ್ಥಳೀಯರಿಗೆ ಎರಡು ರಿಯಾಯಿತಿ ಇವೆ. ಟೋಲ್‌ನಿಂದ 20 ಕಿ.ಮೀ. ಒಳಗೆ ವಾಸ ಇರುವವರ ಸ್ವಂತ ಬಳಕೆಯ ಗಾಡಿಗೆ ತಿಂಗಳ ಪಾಸು. 2007-08ರಲ್ಲಿ ಅದು 150 ರೂಪಾಯಿ ಇತ್ತು, 2025-26ಕ್ಕೆ 350. ಎಷ್ಟು ಸಲ ಬೇಕಾದರೂ ಓಡಾಡಬಹುದು. ಎರಡನೆಯದು ಬಾಡಿಗೆ ಗಾಡಿಗಳದ್ದು. ಟೋಲ್ ಇರುವ ಜಿಲ್ಲೆಯಲ್ಲೇ ನೋಂದಣಿಯಾಗಿದ್ದು, ನ್ಯಾಷನಲ್ ಪರ್ಮಿಟ್ (ಬೇರೆ ರಾಜ್ಯಗಳಿಗೂ ಸರಕು ಒಯ್ಯುವ ಪರವಾನಗಿ) ಮೇಲೆ ಓಡದ ಗಾಡಿಗೆ ಅರ್ಧ ದರ. ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಇದ್ದರೆ ಎರಡೂ ಸಿಗುವುದಿಲ್ಲ.

ಇದನ್ನು ನಂಜಪ್ಪಣ್ಣನಿಗೆ ಹೇಳುವ ಹೊತ್ತಿಗೆ ಊರಲ್ಲಿ ಇನ್ನೊಂದು ಸುದ್ದಿ ಎದ್ದಿತ್ತು. 2025ರ ಆಗಸ್ಟ್ 15ರಿಂದ 3,000 ರೂಪಾಯಿಯ ವಾರ್ಷಿಕ ಪಾಸ್ ಬಂತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. "ಸಲಕ್ಕೆ ಹದಿನೈದೇ ರೂಪಾಯಿ ಬೀಳುತ್ತಂತೆ" ಎಂದು ಎಲ್ಲರೂ ಹೇಳುತ್ತಿದ್ದರು. ನಂಜಪ್ಪಣ್ಣನೂ ಆಸೆಯಿಂದ ಬಂದರು. ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದೆ. ಅರ್ಹತೆ ಇಲ್ಲ ಎಂದು ಬಂತು. ಅದು ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಹಳದಿ ಬೋರ್ಡಿಗೆ ಇಲ್ಲ.

ಆ ಸಂಜೆ ಅರಳಿಕಟ್ಟೆಯ ಹತ್ತಿರ ಮಾತು ಜೋರಾಯಿತು. "ಗಾಡಿ ತಗೊಂಡಾಗ ಟ್ಯಾಕ್ಸ್ ಕಟ್ಟಿದ್ದೀವಿ. ಡೀಸೆಲ್‌ಗೆ ಟ್ಯಾಕ್ಸ್ ಕೊಡ್ತೀವಿ. ಮತ್ತೆ ಟೋಲ್ ಯಾಕೆ?" ಈ ಪ್ರಶ್ನೆ ಕೇಳುವವರನ್ನು ತಿಳಿಯದವರು ಎಂದು ತಳ್ಳಿಹಾಕಬಾರದು. ನ್ಯಾಯವಾದ ಪ್ರಶ್ನೆಯೇ ಅದು. ಉತ್ತರ ಏನೆಂದರೆ, ದುಡ್ಡು ಮೂರು ಬೇರೆ ಬೇರೆ ಚೀಲಕ್ಕೆ ಹೋಗುತ್ತದೆ. ಗಾಡಿಯ ತೆರಿಗೆ ರಾಜ್ಯಕ್ಕೆ, 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ. ಡೀಸೆಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಇದೆ, 2025ರ ಏಪ್ರಿಲ್ 1ರಿಂದ ಅದು ಶೇ. 21.17. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ, ಅದರೊಳಗೇ ರಸ್ತೆ ಸೆಸ್. ಟೋಲ್ ಮಾತ್ರ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ, ಆ ಒಂದು ತುಂಡು ರಸ್ತೆಯ ಲೆಕ್ಕಕ್ಕೆ. ಚೀಲ ಮೂರಾದರೂ ಕೊಡುವ ಜೇಬು ಒಂದೇ ಎಂದು ಒಬ್ಬರು ಹೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಗರು ಧರಣಿ ಕೂರೋಣ ಎಂದರು. ಮಂಗಳೂರಿನ ಹತ್ತಿರದ ಸುರತ್ಕಲ್ ಹೆಸರು ಬಂತು. ಅಲ್ಲಿ ಜನ ವರ್ಷಗಟ್ಟಲೆ ಹೋರಾಡಿ 2022ರ ಡಿಸೆಂಬರ್ 1ರಿಂದ ಟೋಲ್ ನಿಲ್ಲಿಸಿದರಲ್ಲ, ನಾವೂ ಮಾಡೋಣ ಎಂದು. ನಾನು ಎರಡು ಮಾತು ಹೇಳಿದೆ. ಸುರತ್ಕಲ್‌ನಲ್ಲಿ ಹಿಡಿದುಕೊಳ್ಳಲು ಒಂದು ನಿಯಮ ಇತ್ತು. ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಇರಬೇಕು. ಹೆಜಮಾಡಿ ಗೇಟು ಅಲ್ಲಿಗೆ ತೀರಾ ಹತ್ತಿರ. ನಮ್ಮ ಗೇಟಿಗೆ ಆ ತೊಂದರೆ ಇಲ್ಲ. ಎರಡನೆಯದು, ನಾವು 'ಟೋಲ್ ತೆಗೆಯಿರಿ' ಎಂದರೆ ಅವರು ಆಗುವುದಿಲ್ಲ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. 'ನಿಮ್ಮ ಬೋರ್ಡಿನಲ್ಲಿ ಇರುವಷ್ಟೇ ತೆಗೆದುಕೊಳ್ಳಿ' ಎಂದರೆ ಆಗುವುದಿಲ್ಲ ಎನ್ನಲು ಅವರು ಕಾರಣ ಕೊಡಬೇಕು.

ನಂಜಪ್ಪಣ್ಣ ಸ್ವಲ್ಪ ಹೊತ್ತು ಯೋಚಿಸಿ, "ಮೊದಲು ಕೇಳಿ ನೋಡೋಣ. ಕೊಡದಿದ್ರೆ ಕೂರೋದು ಇದ್ದೇ ಇದೆ" ಎಂದರು. ಈ ಪ್ರಕರಣದಲ್ಲಿ ಮುಂದಿನದೆಲ್ಲ ನಡೆದದ್ದು ಆ ನಿರ್ಧಾರದಿಂದ.

ಇಲ್ಲದ ಪರ್ಮಿಟ್, ಇರುವ ರಸ್ತೆ

ಸೆಪ್ಟೆಂಬರ್ ಮೊದಲ ವಾರ ಟೋಲ್ ಕಚೇರಿಗೆ ಹೋದೆವು. ಆರ್‌ಸಿ, ಟ್ಯಾಗಿನ ವಿವರ, ಆಧಾರ್, ಎಲ್ಲದರ ಜೆರಾಕ್ಸ್ ಇತ್ತು. ಕೌಂಟರಿನಲ್ಲಿದ್ದ ಹುಡುಗ ನಮ್ಮ ತಾಲ್ಲೂಕಿನವನೇ. ಮರ್ಯಾದೆಯಿಂದ ಮಾತಾಡಿದ.

"ಯಜಮಾನ್ರೇ, ಪರ್ಮಿಟ್ ಕಾಪಿ ಬೇಕು. ನ್ಯಾಷನಲ್ ಪರ್ಮಿಟ್ ಇಲ್ಲ ಅಂತ ಗೊತ್ತಾಗ್ಬೇಕಲ್ವಾ?"

ನಂಜಪ್ಪಣ್ಣನ ಹತ್ತಿರ ಯಾವ ಪರ್ಮಿಟ್ಟೂ ಇರಲಿಲ್ಲ. ಆ ಗಾಡಿಗೆ ಬೇಕಾಗಿಯೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 66ನೇ ಕಲಮಿನ ಮೂರನೇ ಉಪಕಲಮು ಹೇಳುತ್ತದೆ, ಒಟ್ಟು ತೂಕ 3,000 ಕೆ.ಜಿ. ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ. ಇಲ್ಲದ ಕಾಗದವನ್ನು ಎಲ್ಲಿಂದ ತರುವುದು? ಹುಡುಗನಿಗೆ ಆ ಕಲಮು ಗೊತ್ತಿರಲಿಲ್ಲ. "ಅಕ್ಕ, ನಮಗೆ ಕೊಟ್ಟಿರೋ ಲಿಸ್ಟಲ್ಲಿ ಪರ್ಮಿಟ್ ಅಂತ ಇದೆ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡ ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಟ್ಟಿ ಅದು. ಅತಿ ಚಿಕ್ಕ ಗಾಡಿಯವನು ಪಟ್ಟಿಯಲ್ಲೇ ಇಲ್ಲದ ಕಾರಣಕ್ಕೆ ರಿಯಾಯಿತಿಯಿಂದ ಹೊರಗೆ ಉಳಿಯುತ್ತಾನೆ.

ಮರುವಾರ ಆ ಕಲಮಿನ ಪ್ರತಿ ತೆಗೆದುಕೊಂಡು ಹೋದೆವು. ಇವರ ಗಾಡಿಗೆ ಪರ್ಮಿಟ್ ಅನ್ವಯ ಆಗುವುದಿಲ್ಲ ಎಂದು ಸ್ವಯಂ ಘೋಷಣೆಯನ್ನೂ ಬರೆದುಕೊಟ್ಟೆವು. ಶಿಫ್ಟ್ ಇನ್‌ಚಾರ್ಜ್ ಓದಿ ಒಪ್ಪಿದರು. ಆದರೆ ಹೊಸ ಕಾರಣ ಬಂತು. "ನಿಮ್ಮೂರಿಂದ ಮಾರ್ಕೆಟ್ಟಿಗೆ ಒಳರಸ್ತೆ ಇದೆಯಲ್ಲ? ಪರ್ಯಾಯ ರಸ್ತೆ ಇದ್ದರೆ ರಿಯಾಯಿತಿ ಇಲ್ಲ."

ಒಳರಸ್ತೆ ಇರುವುದು ನಿಜ. ನಂಜಪ್ಪಣ್ಣ ಅದರಲ್ಲೂ ಹೋಗಿ ನೋಡಿದ್ದರು, ಟೋಲ್ ತಪ್ಪಿಸಲು. ಮೂರು ಹಳ್ಳಿ ಸುತ್ತಿ, ಕೆರೆ ಏರಿ ಮೇಲೆ ಹಾದು, ಮಾರ್ಕೆಟ್ಟಿನ ಹಿಂದೆ ಸೇರುತ್ತದೆ. ಗುಂಡಿಗಳಲ್ಲಿ ಕುಲುಕಿ ಕೆಳಗಿನ ಕ್ರೇಟಿನ ಟೊಮೆಟೊ ರಸ ಸುರಿಸುತ್ತದೆ. ಮುಕ್ಕಾಲು ಗಂಟೆ ತಡವಾದರೆ ಹರಾಜಿನಲ್ಲಿ ಮೊದಲ ಸಾಲು ಹೋಗುತ್ತದೆ. ಹೋಗಲಿ ಬಿಡು ಎಂದು ಮತ್ತೆ ಹೆದ್ದಾರಿಗೆ ಬಂದಿದ್ದರು.

ಇನ್‌ಚಾರ್ಜ್ ಹೇಳಿದ್ದು ಕೇಳಿ ನಂಜಪ್ಪಣ್ಣ ಎದ್ದು ಹೊರಟೇಬಿಟ್ಟರು. "ರಸ್ತೆ ಇಲ್ಲ ಅಂತ ಸುಳ್ಳು ಹೇಳೋಕಾಗುತ್ತಾ?" ಎಂದರು. ದಾರಿಯುದ್ದಕ್ಕೂ ಮಾತಿಲ್ಲ. ನನಗೂ ಇದು ಮುಗಿಯಿತು ಎಂದೇ ಅನಿಸಿತ್ತು. ಮನೆಗೆ ಬಂದು ನಿಯಮ ಮತ್ತೆ ಓದಿದೆ. 'ಪರ್ಯಾಯ ರಸ್ತೆ' ಎಂದರೆ ಏನೆಂದು ಅಲ್ಲೇ ವಿವರಣೆ ಕೊಟ್ಟಿದ್ದಾರೆ. ಗಾಡಿ ಓಡುವ ಭಾಗದ ಅಗಲ ಹತ್ತು ಮೀಟರಿಗಿಂತ ಜಾಸ್ತಿ ಇರಬೇಕು. ಉದ್ದ ಹೆದ್ದಾರಿಯ ಆ ಭಾಗಕ್ಕಿಂತ ಶೇ. 20ಕ್ಕಿಂತ ಹೆಚ್ಚಿರಬಾರದು. ಎರಡೂ ಇದ್ದರೆ ಮಾತ್ರ ಅದು ಪರ್ಯಾಯ ರಸ್ತೆ.

ಮರುದಿನ ಭಾನುವಾರ. ನಾನು, ನಂಜಪ್ಪಣ್ಣ, ಅವರ ಮಗ, ಧರಣಿ ಕೂರೋಣ ಎಂದಿದ್ದ ಇಬ್ಬರು ಹುಡುಗರು, ಒಂದು ಉದ್ದದ ಟೇಪು. ಐದು ಜಾಗದಲ್ಲಿ ಡಾಂಬರಿನ ಅಗಲ ಅಳೆದೆವು. ಎಲ್ಲೂ ನಾಲ್ಕು ಮೀಟರ್ ದಾಟಲಿಲ್ಲ. ಕೆರೆ ಏರಿಯ ಮೇಲೆ ಮೂರು ಮೀಟರೂ ಇಲ್ಲ. ಪ್ರತಿ ಜಾಗದಲ್ಲಿ ಟೇಪು ಕಾಣುವಂತೆ ಫೋಟೊ ತೆಗೆದೆವು. ಗಾಡಿಯ ಮೀಟರ್ ನೋಡಿಕೊಂಡು ಪೂರ್ತಿ ಓಡಿಸಿದೆವು. 31 ಕಿ.ಮೀ. ಹೆದ್ದಾರಿಯಲ್ಲಿ 22. ಶೇ. 20 ಸೇರಿಸಿದರೂ 26.4 ಮಾತ್ರ ಆಗುತ್ತದೆ.

ಆ ದಿನ ಹುಡುಗರಲ್ಲಿ ಆದ ಬದಲಾವಣೆ ನನಗೆ ಇವತ್ತಿಗೂ ನೆನಪಿದೆ. ಬೆಳಿಗ್ಗೆ ಬೇಸರದಿಂದ ಬಂದವರು, ಮಧ್ಯಾಹ್ನದ ಹೊತ್ತಿಗೆ ತಾವೇ ಟೇಪು ಹಿಡಿದು "ಅಕ್ಕ, ಆ ಸೇತುವೆ ಹತ್ರನೂ ಅಳೆಯೋಣ" ಎನ್ನುತ್ತಿದ್ದರು.

ಎರಡು ಕಾಗದ ಬರೆದೆವು. ಒಂದು ಟೋಲ್ ಕಚೇರಿಗೆ ಅರ್ಜಿ, ಫೋಟೊಗಳ ಜೊತೆ. ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಇನ್ನೊಂದು ಹತ್ತು ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿ. ಕೇಳಿದ್ದು ಎರಡೇ. ಈ ಟೋಲ್‌ಗೆ ಯಾವ ರಸ್ತೆಯನ್ನು ಪರ್ಯಾಯ ರಸ್ತೆ ಎಂದು ದಾಖಲೆಯಲ್ಲಿ ಗುರುತಿಸಿದ್ದೀರಿ? ಅದರ ಅಗಲ, ಉದ್ದ ಎಷ್ಟು? ದೂರು ಬರೆದಿದ್ದರೆ ಯಾರಾದರೂ ಸಮಜಾಯಿಷಿ ಬರೆದು ಕಳಿಸುತ್ತಿದ್ದರು. ಅಳತೆ ಕೇಳಿದ್ದರಿಂದ ಅಳತೆಯಲ್ಲೇ ಉತ್ತರ ಬರಬೇಕಾಯಿತು.

ಉತ್ತರ ಅಕ್ಟೋಬರ್ ಕೊನೆಗೆ ಬಂತು, ಒಂದೇ ಸಾಲು. ಅಂಥ ರಸ್ತೆ ದಾಖಲೆಯಲ್ಲಿ ಇಲ್ಲ.

ನವೆಂಬರ್ ಎರಡನೇ ವಾರ ಇನ್‌ಚಾರ್ಜ್ ತಾವೇ ಫೋನ್ ಮಾಡಿ ಕರೆದರು. ಗಾಡಿ ನಂಬರನ್ನು ರಿಯಾಯಿತಿ ಪಟ್ಟಿಗೆ ಸೇರಿಸಿದರು. ಮಾರನೇ ಬೆಳಿಗ್ಗೆ ನಾಲ್ಕೂವರೆಗೆ ನಂಜಪ್ಪಣ್ಣನ ಫೋನಿಗೆ ಮೆಸೇಜ್ ಬಂತು. 40 ರೂಪಾಯಿ. ಅವರು ಅದನ್ನು ನನಗೆ ಆಗಲೇ ಕಳಿಸಿದ್ದರು, ನಾನು ನೋಡಿದ್ದು ಏಳಕ್ಕೆ.

ಲೆಕ್ಕ ಏನು ಹೇಳುತ್ತದೆ

ತಿಂಗಳಿಗೆ 5,070 ಇದ್ದದ್ದು ಮೊದಲು 3,120 ಆಯಿತು. ಆಮೇಲೆ 2,080. ಯಾರೂ ಹೊಸ ಕಾನೂನು ಮಾಡಲಿಲ್ಲ, ಯಾರೂ ದಯೆ ತೋರಿಸಲಿಲ್ಲ. ಮೊದಲಿಂದಲೂ ಅವರಿಗೆ ಸಲ್ಲಬೇಕಾದ ದರ ಅದು.

50 ಪ್ರಯಾಣದ ತಿಂಗಳ ಪಾಸನ್ನೂ ನೋಡಿದ್ದೆವು. ಅದು ಮೂರನೇ ಎರಡು ಭಾಗ ದರ, ಇವರ ಗಾಡಿಗೆ ಸುಮಾರು 2,670. ಅರ್ಧ ದರಕ್ಕಿಂತ ಜಾಸ್ತಿ, ಮೇಲಾಗಿ ಮಳೆಗೆ ಹೋಗದ ದಿನದ ದುಡ್ಡೂ ಹೋಗುತ್ತದೆ. ಜಿಲ್ಲೆಯ ರಿಯಾಯಿತಿ ಸಿಗುವವರು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೂ ನಮ್ಮ ಹೋಬಳಿಯಲ್ಲಿ ಕೊಂಡವರು ಇದ್ದಾರೆ, ಬೋರ್ಡಿನ ಕೊನೆಯ ಸಾಲು ಅವರಿಗೂ ಕಂಡಿಲ್ಲ.

ಒಳರಸ್ತೆಯ ಲೆಕ್ಕವೂ ಮುಖ್ಯ. ಒಂದು ಕಡೆಗೆ 9 ಕಿ.ಮೀ. ಜಾಸ್ತಿ, ದಿನಕ್ಕೆ 18. ಇವರ ಗಾಡಿಗೆ ಹತ್ತಿರ ಹತ್ತಿರ ಒಂದು ಲೀಟರ್ ಡೀಸೆಲ್, 90 ರೂಪಾಯಿಯ ಆಸುಪಾಸು. ಟೋಲ್ 195 ಇದ್ದಾಗ ಒಳರಸ್ತೆ ಅಗ್ಗ. 120 ಇದ್ದಾಗಲೂ ಅಗ್ಗವೇ. 80ಕ್ಕೆ ಇಳಿದ ಮೇಲೆ ಹೆದ್ದಾರಿಯೇ ಅಗ್ಗ. ಅಂದರೆ ಸರಿಯಾದ ದರ ತೆಗೆದುಕೊಂಡರೆ ಚಿಕ್ಕ ಗಾಡಿಗಳು ತಾವಾಗಿಯೇ ಹೆದ್ದಾರಿಗೆ ಬರುತ್ತವೆ. ಟೋಲ್‌ನವರಿಗೂ ದುಡ್ಡು ಬರುತ್ತದೆ, ಪಂಚಾಯಿತಿ ರಸ್ತೆಗೂ ಹೊರೆ ಕಡಿಮೆ. ಶಾಲೆ ಮಕ್ಕಳು ನಡೆದು ಹೋಗುವ ಕೆರೆ ಏರಿ ಅದು.

ಹೊರೆ ಎಂದಾಗ ಇನ್ನೊಂದು ವಿಷಯ ಹೇಳಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ಹಗಲು ರಾತ್ರಿ ಓಡಿಸಿ ರಸ್ತೆ ಹೇಗೆ ಹಾಳಾಗುತ್ತದೆ ಎಂದು ಪರೀಕ್ಷೆ ಮಾಡಿದ್ದರು. ಒಂದು ಆಕ್ಸಲ್ ಮೇಲಿನ ತೂಕ ಎರಡು ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟು ಎಂದು ಕಂಡುಕೊಂಡರು. ತೂಕ ಹತ್ತು ಪಟ್ಟಾದರೆ ಹಾನಿ ಹತ್ತು ಸಾವಿರ ಪಟ್ಟಿನ ಹತ್ತಿರ. ಇವತ್ತಿಗೂ ರಸ್ತೆ ಎಂಜಿನಿಯರುಗಳು ಈ ಲೆಕ್ಕ ಬಳಸುತ್ತಾರೆ. ನಂಜಪ್ಪಣ್ಣನ ಗಾಡಿಯ ಒಂದು ಆಕ್ಸಲ್ ಮೇಲೆ ಒಂದು ಟನ್ ಆಸುಪಾಸು ಬೀಳುತ್ತದೆ. ದೊಡ್ಡ ಲಾರಿಯ ಹಿಂದಿನ ಆಕ್ಸಲ್ ಮೇಲೆ 2018ರಿಂದ 11.5 ಟನ್‌ವರೆಗೆ ಬಿಟ್ಟಿದ್ದಾರೆ. ಆದರೆ ಲಾರಿಯ ಟೋಲ್ ದರ ಇವರಿಗಿಂತ ಮೂರೂವರೆ ಪಟ್ಟಿನ ಒಳಗೇ ಇದೆ. ಟೋಲ್ ಅಂದರೆ ಬರೀ ಸವೆತದ ಲೆಕ್ಕ ಅಲ್ಲ ನಿಜ. ಜಮೀನು, ಸೇತುವೆ, ಸಾಲದ ಬಡ್ಡಿ ಎಲ್ಲ ಅದರಲ್ಲಿ ಬರುತ್ತದೆ, ಅದನ್ನು ಎಲ್ಲ ಗಾಡಿಗಳೂ ಹಂಚಿಕೊಳ್ಳಬೇಕು. ಲಾರಿ ದರ ಏರಿಸಿದರೆ ಅದು ಅಕ್ಕಿ ಬೇಳೆಯ ಬೆಲೆಗೆ ಬಂದು ಕೂರುತ್ತದೆ ಎಂಬುದೂ ನಿಜ. ಆದರೂ, ರಸ್ತೆಗೆ ಹೆಚ್ಚು ಕಡಿಮೆ ಏನೂ ಹಾನಿ ಮಾಡದ ಒಂದು ಗಾಡಿಯಿಂದ ನಾಲ್ಕು ವರ್ಷ ಒಂದೂವರೆ ಪಟ್ಟಿಗಿಂತ ಜಾಸ್ತಿ ತೆಗೆದುಕೊಂಡದ್ದು ನನ್ನನ್ನು ಕಾಡುತ್ತದೆ.

ಇನ್ನೂ ಒಂದು ಕಾಡುತ್ತದೆ. ಮೇಷ್ಟ್ರ ಮಗ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರಲು ಈಗ ಪಾಸು ಮಾಡಿಸಿಕೊಂಡಿದ್ದಾನೆ, 2025-26ರ ದರದಲ್ಲಿ ತಿಂಗಳಿಗೆ 350. ಅದೇ ಬೀದಿಯ ನಂಜಪ್ಪಣ್ಣ 2,080. ಇಬ್ಬರೂ ಹೋಗುವುದು ಹೊಟ್ಟೆಪಾಡಿಗೇ. ಒಬ್ಬರಿಗೆ ಮನೆ ಎಷ್ಟು ದೂರ ಎಂದು ನೋಡುತ್ತಾರೆ, ಇನ್ನೊಬ್ಬರಿಗೆ ಗಾಡಿ ಯಾವ ಜಿಲ್ಲೆಯದು ಎಂದು. ಬಿಳಿ ಬೋರ್ಡು, ಹಳದಿ ಬೋರ್ಡು ಎಂಬ ಒಂದೇ ಗೆರೆ ಇಲ್ಲಿ ಎಲ್ಲ ತೀರ್ಮಾನ ಮಾಡುತ್ತದೆ. ಸ್ವಂತ ಬೆಳೆ ಸಾಗಿಸುವ ಎರಡು ಟನ್ನಿನ ಒಳಗಿನ ಗಾಡಿಗೂ ದೂರದ ಲೆಕ್ಕದಲ್ಲೇ ಪಾಸು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಗೆರೆಯ ಆಚೆ

ಈ ಅಭಿಪ್ರಾಯ ಬಂದದ್ದು ನಂಜಪ್ಪಣ್ಣನ ಬಾಮೈದ ಶಿವಣ್ಣನಿಂದ. ಅವರದೂ ಏಸ್ ಗಾಡಿ, ಅದೇ ಮಾರ್ಕೆಟ್ಟು, ಅದೇ ಟೊಮೆಟೊ. ಅವರ ಊರು ಟೋಲ್‌ಗೆ ಇನ್ನೂ ಹತ್ತಿರ, ನಾಲ್ಕೇ ಕಿ.ಮೀ. ಆದರೆ ನಡುವೆ ಜಿಲ್ಲೆಯ ಗಡಿ ಹಾದುಹೋಗಿದೆ. ಅವರ ಗಾಡಿ ಪಕ್ಕದ ಜಿಲ್ಲೆಯ ನೋಂದಣಿ.

ಬಾವನಿಗೆ 40 ಆಗಿದ್ದು ಕೇಳಿ ಅವರು ಮರುದಿನವೇ ಆರ್‌ಸಿ ಹಿಡಿದು ಬಂದರು. ಟ್ಯಾಗ್ ನೋಡಿದೆ, ನೇರಳೆ. ವರ್ಗ ಸರಿ ಇದೆ. ನಿಯಮ ಮೂರು ಸಲ ಓದಿದೆ. 'ಜಿಲ್ಲೆಯಲ್ಲಿ ನೋಂದಣಿ' ಎಂಬುದನ್ನು ದಾಟುವ ದಾರಿ ಕಾಣಲಿಲ್ಲ. ಟೋಲ್‌ನಿಂದ ಎಂಬತ್ತು ಕಿ.ಮೀ. ದೂರದ, ಜಿಲ್ಲೆಯ ಇನ್ನೊಂದು ತುದಿಯ ಗಾಡಿಗೆ ಅರ್ಧ ದರ ಸಿಗುತ್ತದೆ. ಗೇಟಿನ ದೀಪ ಮನೆ ಅಂಗಳದಿಂದ ಕಾಣುವ ಶಿವಣ್ಣನಿಗೆ ಸಿಗುವುದಿಲ್ಲ.

"ನಮ್ಮ ಅಕ್ಕನ ಮನೆ ಅಡ್ರೆಸ್ಸಿಗೆ ಗಾಡಿ ಮಾಡಿಸ್ಕೊಂಡ್ರೆ ಹೇಗೆ?" ಎಂದು ಕೇಳಿದರು. ಬೇಡ ಎಂದೆ. ಇರದ ಕಡೆ ಇದ್ದೇನೆ ಎಂದು ಆರ್‌ಸಿಯಲ್ಲಿ ಬರೆಸುವುದು ಸುಳ್ಳು ಹೇಳಿಕೆ ಆಗುತ್ತದೆ. ನಾಳೆ ಅಪಘಾತವಾಗಿ ವಿಮೆ ಕೇಳುವಾಗ ಅದೇ ಕುತ್ತಿಗೆಗೆ ಬರಬಹುದು. ಅವರು ಒತ್ತಾಯ ಮಾಡಲಿಲ್ಲ. ಇದೊಂದು ನಿರ್ಧಾರದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಆದರೆ ಅವರ ಮುಖ ನೋಡಿ ಹೇಳುವುದು ಕಷ್ಟವಾಯಿತು.

ಡಿಸೆಂಬರ್‌ನಲ್ಲಿ ಗಡಿಯ ಎರಡೂ ಕಡೆಯ ಹದಿನೇಳು ಗಾಡಿಯವರು ಸೇರಿ ಒಂದು ಮನವಿ ಬರೆದರು. ಕೇಳಿದ್ದು ಒಂದೇ ಮಾತು: ಬಾಡಿಗೆ ಗಾಡಿಗೂ ಜಿಲ್ಲೆ ನೋಡಬೇಡಿ, 20 ಕಿ.ಮೀ. ನೋಡಿ. ದೆಹಲಿಯ ಸಚಿವಾಲಯಕ್ಕೆ ಒಂದು ಪ್ರತಿ, ಎರಡೂ ಕ್ಷೇತ್ರದ ಸಂಸದರಿಗೆ ಒಂದೊಂದು ಪ್ರತಿ. ಸ್ಪೀಡ್ ಪೋಸ್ಟ್ ರಸೀದಿಗಳು ನನ್ನ ಮೇಜಿನ ಡ್ರಾಯರಿನಲ್ಲಿವೆ. ಉತ್ತರ ಇನ್ನೂ ಬಂದಿಲ್ಲ.

ಸದ್ಯಕ್ಕೆ ಬಾವ, ಬಾಮೈದ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಮಾಲು ಕಡಿಮೆ ಇರುವ ದಿನ ಶಿವಣ್ಣ ಮೂರೂವರೆಗೇ ಎದ್ದು, ಗೇಟು ಸಿಗುವ ಮುಂಚೆಯೇ ತಿರುಗಿ, ನಮ್ಮೂರಿಗೆ ಬರುತ್ತಾರೆ. ನಂಜಪ್ಪಣ್ಣನ ಮನೆ ಮುಂದೆ ಕ್ರೇಟುಗಳನ್ನು ಆ ಗಾಡಿಯಿಂದ ಈ ಗಾಡಿಗೆ ಇಳಿಸಿ ಹಾಕುತ್ತಾರೆ. ಬೆಳಗಿನ ಜಾವ ಆ ಸದ್ದಿಗೆ ನನಗೂ ಎಚ್ಚರ ಆಗುತ್ತದೆ. ಮಾಲು ಜಾಸ್ತಿ ಇರುವ ದಿನ ಆ ಸದ್ದು ಇರುವುದಿಲ್ಲ. ಅವತ್ತು ಶಿವಣ್ಣ ಕೆರೆ ಏರಿ ಮೇಲೆ ಹೋಗಿದ್ದಾರೆ ಎಂದು ಅರ್ಥ.